ಕಾಳಗದ ಕುಣಿತ

ನಾನು ಕನ್ನಡ ಪಾಠ ಹೇಳುವವನು. ರನ್ನನ ಗದಾಯುದ್ಧವನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ನಡೆಸಿ, ಭೀಮ ದುರ್ಯೋಧನರಿಬ್ಬರನ್ನೂ ಸಾಕಷ್ಟು ದಣಿಸಿ, ಗಂಟೆ ಬಾರಿಸಿದೊಡನೆ ಕೈಗೆ ಅಂಟಿದ ಸುಣ್ಣದ ಪುಡಿಯನ್ನು ಕೊಡವಿಕೊಂಡು ಹೊರಗೆ ಬರುವವನು. ಇಂಥವನಿಗೆ ಕುಂಗ್ ಫೂ ಚಿತ್ರಗಳ ಹುಚ್ಚು ಉಂಟೆಂದರೆ ಸಹೋದ್ಯೋಗಿಗಳು ಮೊದಲು ನಗುತ್ತಾರೆ. ಆಮೇಲೆ, ಇವನಿಗೆ ನಲವತ್ತೈದು ದಾಟಿತಲ್ಲ ಎಂದು ಮರುಕದಿಂದ ನೋಡುತ್ತಾರೆ. ಮನೆಯಲ್ಲಿ ನಗುವೂ ಇಲ್ಲ, ಮರುಕವೂ ಇಲ್ಲ. "ಮತ್ತ ಹಚ್ಚೀರೇನು ಆ ಹೂಹಾ?" ಎಂಬ ಪ್ರಶ್ನೆ ಅಡಿಗೆಮನೆಯಿಂದ ಬರುತ್ತದೆ, ಅಷ್ಟೆ.

ಈ ಹುಚ್ಚು ಹತ್ತಿದ ರಾತ್ರಿಯ ಕತೆ ಹೇಳಬೇಕಾದರೆ ನಮ್ಮ ತಂದೆಯ ಕತೆಯನ್ನು ಮೊದಲು ಹೇಳಬೇಕು. ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಮಳೆಯನ್ನೇ ನಂಬಿದ ಕೆಲವು ಎಕರೆ ಹೊಲದ ಒಕ್ಕಲು ಅವರದು. ಆದರೆ ಊರವರಿಗೆ ಅವರು ಒಕ್ಕಲಿಗನಾಗಿ ಗೊತ್ತಿದ್ದುದಕ್ಕಿಂತ ವಾಲಿಯಾಗಿ ಗೊತ್ತಿದ್ದುದೇ ಹೆಚ್ಚು. ನಮ್ಮೂರ ದೊಡ್ಡಾಟದಲ್ಲಿ ವಾಲಿ ಸುಗ್ರೀವರ ಕಾಳಗವೆಂದರೆ ವಾಲಿಯ ವೇಷ ಅವರದೇ. ಸುಗ್ಗಿ ಮುಗಿದ ಮೇಲೆ ಪರವೂರಿನಿಂದ ಆಟದ ಮಾಸ್ತರು ಬರುತ್ತಿದ್ದರು. ಗುಡಿಯ ಮುಂದೆ ತಿಂಗಳುಗಟ್ಟಲೆ ತಾಲೀಮು. ಕಡೆಗೆ ಒಂದು ರಾತ್ರಿ ಅಟ್ಟ ಕಟ್ಟಿ, ಮುಖಕ್ಕೆ ಅರದಾಳ ಬಳಿದು, ಕಿರೀಟ ಭುಜಕೀರ್ತಿಗಳನ್ನು ಬಿಗಿದುಕೊಂಡು ಅಪ್ಪ ಹಲಗೆಯ ಮೇಲೆ ಮೊದಲ ಹೆಜ್ಜೆ ಅಪ್ಪಳಿಸಿದರೆ ಮುಂದಿನ ಸಾಲಿನ ಕೂಸುಗಳು ಎದ್ದು ಅಳುತ್ತಿದ್ದವು. ಅಳದೆ ಕೂತ ಕೂಸು ನಾನೊಬ್ಬನೇ ಎಂದು ಅವ್ವ ಬಹಳ ದಿನ ಹೇಳಿಕೊಂಡಳು.

1990ರ ಬೇಸಿಗೆ. ಆಗ ನಮ್ಮ ತಾಲ್ಲೂಕು ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ನನಗೆ ಹನ್ನೊಂದು ವರ್ಷ. ಜಾತ್ರೆಯ ಮೂರನೆಯ ದಿನ ಆಟ ಎಂದು ಗೊತ್ತಾಗಿತ್ತು. ಅದೇ ರಾತ್ರಿ ಊರ ಹುಡುಗರು ವಂತಿಗೆ ಕೂಡಿಸಿ, ಕುಷ್ಟಗಿಯಿಂದ ಬಾಡಿಗೆಗೆ ಒಂದು ಟಿ.ವಿ.ಯನ್ನೂ ವಿ.ಸಿ.ಆರ್. ಪೆಟ್ಟಿಗೆಯನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಗುಡಿಯ ಕಡೆ ಅಟ್ಟ, ಅಗಸೆಯ ಕಡೆ ಟಿ.ವಿ. ನಡುವೆ ಒಂದು ಓಣಿ ಮಾತ್ರ. ನೀರು ಕುಡಿದು ಬರುತ್ತೇನೆಂದು ಅವ್ವನಿಗೆ ಹೇಳಿ ಎದ್ದವನು ಅಗಸೆಯ ಕಡೆಗೆ ಓಡಿದೆ. ಬೆಳಗಿನವರೆಗೂ ಆ ನೀರು ಕುಡಿದು ಮುಗಿಯಲಿಲ್ಲ.

ಅಲ್ಲಿ ನಡೆದಿದ್ದುದು 'ಎಂಟರ್ ದ ಡ್ರ್ಯಾಗನ್'. 1973ರ ಚಿತ್ರ. ಅದು ತೆರೆಗೆ ಬರುವ ಮುನ್ನವೇ, ಆ ವರ್ಷದ ಜುಲೈ 20ರಂದು, ನಾಯಕ ಬ್ರೂಸ್ ಲೀ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಇದು ನಮಗೆಲ್ಲಿ ಗೊತ್ತು! ಹದಿನೇಳು ವರ್ಷದ ಹಿಂದೆ ಸತ್ತವನಿಗೆ ನಾವು ಆ ರಾತ್ರಿ ಸಿಳ್ಳು ಹಾಕಿ ಸಾಕಾದೆವು. ಕಟ್ಟಕಡೆಗೆ ಕನ್ನಡಿಗಳ ಕೋಣೆ ಬಂತು. ಎಲ್ಲಿ ನೋಡಿದರೂ ವೈರಿ. ಯಾವುದು ಅವನ ಮೈ, ಯಾವುದು ಅವನ ನೆರಳು, ತಿಳಿಯದು. ಬ್ರೂಸ್ ಲೀ ಕನ್ನಡಿಗಳನ್ನು ಒಂದೊಂದಾಗಿ ಒಡೆಯತೊಡಗಿದ. ಅತ್ತ ಗುಡಿಯ ಕಡೆಯಿಂದ ಮದ್ದಳೆಯ ಸದ್ದು ತೇಲಿ ಬರುತ್ತಿತ್ತು. ಎರಡು ಮೂರು ಸಲ ಅಲ್ಲಿಯ ಮದ್ದಳೆಯ ಪೆಟ್ಟು ಇಲ್ಲಿಯ ಗುದ್ದಿಗೆ ಸರಿಯಾಗಿ ಬಂದು ಬಿದ್ದಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ.

ಬೆಳಗ್ಗೆ ಅಪ್ಪ ಮನೆಗೆ ಬಂದಾಗ ಕಿವಿಯ ಹಿಂದೆ ಅರದಾಳ ಉಳಿದಿತ್ತು. ಆಟಕ್ಕೆ ಕೊನೆಯವರೆಗೆ ಕೂತವರು ಅವ್ವ, ಆರೇಳು ಮುದುಕಿಯರು, ನಿದ್ದೆ ಹೋದ ಕೂಸುಗಳು. ಅಪ್ಪ ತಂಗಳ ರೊಟ್ಟಿ ತಿಂದು ಏನೂ ಆಡದೆ ಹೊಲಕ್ಕೆ ಹೋದರು. ನಮ್ಮೂರಲ್ಲಿ ಮುಂದೆ ದೊಡ್ಡಾಟ ಏಳಲಿಲ್ಲ. ಭುಜಕೀರ್ತಿಯ ಗಂಟು ಬಹಳ ಕಾಲ ಅಟ್ಟದ ಮೇಲೆ ಇತ್ತು. ಇಲಿಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಮುಗಿಸಿದವು.

ಹೀಗೆ ಹತ್ತಿದ ಹುಚ್ಚು ಬಿಡಲಿಲ್ಲ. ಕಾಲೇಜಿಗೆಂದು ಗಂಗಾವತಿಯಲ್ಲಿದ್ದಾಗ ಗೆಳೆಯನೊಬ್ಬನ ಮನೆಯಲ್ಲಿ ಶಾವೊಲಿನ್ ಮಠದ ಮೂವತ್ತಾರು ಕೋಣೆಗಳ ಚಿತ್ರ ನೋಡಿದೆ. 1978ರದು. ಬಡಿದಾಟದ ಚಿತ್ರವೆಂದು ಕುಳಿತರೆ ಅರ್ಧ ಚಿತ್ರ ಬರೀ ಚಾಕರಿ! ಮಠಕ್ಕೆ ಬಂದ ಹುಡುಗ ನೀರು ಹೊರಬೇಕು. ತೋಳಿಗೆ ಚೂರಿಗಳನ್ನು ಕಟ್ಟಿರುತ್ತಾರೆ, ಕೈ ಇಳಿಸಿದರೆ ಪಕ್ಕೆಗೆ ಚುಚ್ಚುತ್ತವೆ. ಅದೇ ವರ್ಷದ 'ಡ್ರಂಕನ್ ಮಾಸ್ಟರ್'ನಲ್ಲಿ ಜಾಕಿ ಚಾನ್ ತಲೆಕೆಳಗಾಗಿ ಜೋತು, ಕೆಳಗಿನ ನೀರನ್ನು ಪುಟ್ಟ ಬಟ್ಟಲುಗಳಲ್ಲಿ ಎತ್ತಿ ಎತ್ತಿ ಮೇಲಿನ ಪಾತ್ರೆಗೆ ತುಂಬುತ್ತಾನೆ. ಪೇಟೆಯ ಮಕ್ಕಳಿಗೆ ಇದು ವಿನೋದವಾಗಿ ಕಂಡೀತು. ಯಲಬುರ್ಗಾ ಕುಷ್ಟಗಿಗಳ ಕಡೆಯ ಹುಡುಗರಿಗೆ ಹಾಗಲ್ಲ. ನಮಗೆ ನೀರು ಹೊರುವುದೆಂದರೆ ಪ್ರತಿದಿನದ ಪ್ರಾರಬ್ಧ. ಬತ್ತಿದ ಬಾವಿ, ದೂರದ ಬೋರು, ಸಾಲಿನಲ್ಲಿ ಕೊಡ. ಆ ಹೊರೆಯೇ ವಿದ್ಯೆಯಾಗಬಹುದು, ಹೊತ್ತ ತೋಳೇ ಒಂದು ದಿನ ದುಷ್ಟನನ್ನು ಕೆಡವಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ರಜೆಗೆ ಊರಿಗೆ ಬಂದಾಗ ಎರಡು ಕೊಡಗಳನ್ನು ತೋಳು ಚಾಚಿ ಹಿಡಿದು ತರುವ ಸಾಹಸ ಮಾಡಿದೆ. ಒಂದು ಮಣ್ಣಿನದು. ಅದರ ವಿಷಯ ಅವ್ವ ಆಡಿದ ಮಾತುಗಳು ಈ ಪುರವಣಿಯಲ್ಲಿ ಅಚ್ಚಾಗತಕ್ಕವಲ್ಲ.

ಕಾಳಗವನ್ನು ಕಾಳಗವಾಗಿ ನೋಡಲು ನಾನು ಕಲಿತದ್ದು ಬಹಳ ತಡವಾಗಿ. ಒಳ್ಳೆಯ ಕುಂಗ್ ಫೂ ಚಿತ್ರದಲ್ಲಿ ಇಬ್ಬರ ಮೈಯೂ ಅಡಿಯಿಂದ ಮುಡಿಯವರೆಗೆ ಕಾಣುತ್ತದೆ. ಏಟು, ಅದಕ್ಕೆ ತಡೆ, ಮತ್ತೆ ಏಟು, ಮತ್ತೆ ತಡೆ. ನಾಲ್ಕಾರು ಬಿರುಸಾಗಿ ಹೋದ ಮೇಲೆ ಇಬ್ಬರೂ ಒಮ್ಮೆಲೇ ಕಲ್ಲಾಗಿ ನಿಲ್ಲುತ್ತಾರೆ. ಕಣ್ಣು ಅಷ್ಟನ್ನೂ ಅರಗಿಸಿಕೊಳ್ಳಲು ಒಂದು ಗಳಿಗೆಯ ಬಿಡುವು. ಮತ್ತೆ ಬಿರುಸು. ಹಾಂಗ್‌ಕಾಂಗಿನಲ್ಲಿ ಆ ಕಾಲಕ್ಕೆ ಚಿತ್ರಗಳನ್ನು ಮೂಕವಾಗಿಯೇ ತೆಗೆದು, ಮಾತನ್ನೂ ಗುದ್ದಿನ ಸದ್ದನ್ನೂ ಆಮೇಲೆ ಕೂಡಿಸುತ್ತಿದ್ದರು. ಗುದ್ದು ತಾಗಿದೆ ಎಂದು ನಾವು ನಂಬುವುದು ಕಿವಿಯಿಂದ; ಮೈಗೆ ಎಷ್ಟೋ ಸಲ ಅದು ತಾಗಿಯೇ ಇರುವುದಿಲ್ಲ.

ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಬಹಳ ದಿನ ಮನಸ್ಸು ತಡಕಾಡುತ್ತಿತ್ತು. ಜಾನಪದದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಒಂದು ಸಂಜೆ ಥಟ್ಟನೆ ಹೊಳೆಯಿತು. ವಾಲಿ ಸುಗ್ರೀವರು ಅಟ್ಟದ ಮೇಲೆ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಏಟು ಗೇಣುದೂರದಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಮದ್ದಳೆ ಬೀಳುತ್ತದೆ, ಎದುರಾಳಿ ತೂರಾಡುತ್ತಾನೆ. ನಾಲ್ಕು ಹೆಜ್ಜೆಯ ಬಿರುಸು, ಆಮೇಲೆ ಕಣ್ಣು ಅರಳಿಸಿ ಒಂದು ನಿಲುವು. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದುದನ್ನು ಕೊಪ್ಪಳದ ಜನ ಇನ್ನೂ ಹೆಮ್ಮೆಯಿಂದ ಆಡಿಕೊಳ್ಳುತ್ತಾರೆ. ಆ ತೊಗಲುಗೊಂಬೆಯ ಯುದ್ಧಗಳಲ್ಲಿಯೂ ಇದೇ ಲಯ. ಅಲ್ಲಿ ಇನ್ನೊಂದು ಚೋದ್ಯ: ಕಾದುವ ಇಬ್ಬರೂ ಎಷ್ಟೋ ವೇಳೆ ಒಬ್ಬರದೇ ಎಡಗೈ ಬಲಗೈ!

ಆಮೇಲೆ ಓದಿದಾಗ ತಿಳಿದದ್ದು ಇನ್ನೂ ಸ್ವಾರಸ್ಯವಾಗಿತ್ತು. ಜಾಕಿ ಚಾನ್ ಏಳರ ಹರೆಯದಿಂದ ಸುಮಾರು ಹತ್ತು ವರ್ಷ ಬೆಳೆದದ್ದು ಪೀಕಿಂಗ್ ಸಂಗೀತನಾಟಕದ ಒಂದು ಶಾಲೆಯಲ್ಲಿ. ಹಾಡು, ಲಾಗ, ವೇಷ, ಕತ್ತಿವರಸೆ ಎಲ್ಲ ಒಂದೇ ಗುರುವಿನ ಬೆತ್ತದ ಕೆಳಗೆ. ಸ್ಯಾಮೊ ಹಂಗ್ ಅವನ ಜತೆಯ ಹುಡುಗ. ಆಟದ ಮಾಸ್ತರರ ಪದ್ಧತಿಯೇ, ಬೆತ್ತ ಸ್ವಲ್ಪ ದಪ್ಪ. ಇನ್ನು ಬ್ರೂಸ್ ಲೀ. ಅವನ ತಂದೆ ಲೀ ಹೊಯ್-ಚುಯೆನ್ ಕ್ಯಾಂಟನ್ನಿನ ಸಂಗೀತನಾಟಕದ ನಟ. ಮೇಳದೊಡನೆ ಅಮೆರಿಕದ ಸಂಚಾರದಲ್ಲಿದ್ದಾಗ, 1940ರ ನವೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ಮಗ ಹುಟ್ಟಿದ. ಅಂದರೆ ನಾನು ಆಟಗಾರನ ಮಗನಾಗಿ, ಅಪ್ಪನ ಆಟವನ್ನು ಬಿಟ್ಟು, ಇನ್ನೊಬ್ಬ ಆಟಗಾರನ ಮಗನನ್ನು ನೋಡಲು ಓಣಿ ದಾಟಿದ್ದೆ. ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಎರಡು ವರ್ಷದ ಹಿಂದೆ ವಿದ್ಯಾರ್ಥಿಗಳನ್ನು ಆನೆಗೊಂದಿಗೆ ಕರೆದೊಯ್ದಿದ್ದೆ. ಗಂಗಾವತಿ ಸೀಮೆಯ ಜನ ಕಿಷ್ಕಿಂಧೆ ತಮ್ಮದೆಂದು ನಂಬಿದವರು. ಅಂಜನಾದ್ರಿಯನ್ನು, ಪಂಪಾಸರೋವರವನ್ನು, ವಾಲಿಯ ಗುಹೆಯನ್ನು ತೋರಿಸುತ್ತಾರೆ. ಚಿಂತಾಮಣಿಯ ಬಳಿ ಹೊಳೆ ನೋಡುತ್ತ ನಿಂತು ಹುಡುಗರಿಗೆ ಹೇಳಿದೆ: ಅಣ್ಣತಮ್ಮಂದಿರು ಎಷ್ಟು ಒಂದೇ ಹೋಲಿಕೆಯವರೆಂದರೆ ರಾಮನಿಗೆ ಗುರುತು ಹತ್ತದೆ ಬಾಣ ಬಿಡಲಾಗಲಿಲ್ಲ. ಎರಡನೆಯ ಸಲ ಸುಗ್ರೀವನ ಕೊರಳಿಗೆ ಲಕ್ಷ್ಮಣ ಗಜಪುಷ್ಪಿಯ ಬಳ್ಳಿ ಹಾಕಿ ಕಳಿಸಬೇಕಾಯಿತು. ನಿಜದವನು ಯಾರೆಂದು ತಿಳಿಯಲು ಬ್ರೂಸ್ ಲೀ ಕನ್ನಡಿ ಒಡೆದ; ವಾಲ್ಮೀಕಿ ಒಂದು ಹೂಬಳ್ಳಿಯಲ್ಲಿ ಮುಗಿಸಿದ. ವಾಲ್ಮೀಕಿಯದೇ ಕಡಿಮೆ ಖರ್ಚಿನದು ಎಂದು ಒಬ್ಬ ಹುಡುಗ ಒಪ್ಪಿದ. ಇನ್ನೊಬ್ಬ, "ಸರ್, ವಾಲಿದು ಯಾವ ಸ್ಟೈಲ್?" ಎಂದು ಕೇಳಿದ. ಕೇಳುವಂಥ ಪ್ರಶ್ನೆಯೇ. ಚೀನದವರು ಕೋತಿಯ ಚಲನೆಯಿಂದಲೇ ಒಂದು ವರಸೆ ಕಟ್ಟಿದ್ದಾರೆ, ಅದರ ಮೇಲೆ ಚಿತ್ರಗಳೂ ಬಂದಿವೆ. ಹೊಳೆಯ ಆಚೆಗೆ ಹಂಪಿ. 2005ರಲ್ಲಿ ತೆರೆಕಂಡ 'ದ ಮಿಥ್' ಚಿತ್ರದ ಕೆಲವು ಭಾಗಗಳಿಗಾಗಿ ಜಾಕಿ ಚಾನ್ ಅಲ್ಲಿಗೆ ಬಂದು ಹೋಗಿದ್ದಾನೆ. ಹೊಳೆಯ ಒಂದು ದಡಕ್ಕೆ ವಾಲಿ, ಇನ್ನೊಂದು ದಡಕ್ಕೆ ಜಾಕಿ ಚಾನ್! ಮನಸ್ಸಿನಲ್ಲಿ ಒಂದು ಕಾಳಗವನ್ನು ಕಟ್ಟಿ ನೋಡಿದೆ. ವಾಲಿಗೆ ಎದುರಾಳಿಯ ಅರ್ಧ ಬಲ ಬರುತ್ತದೆಂಬ ಮಾತು ನೆನಪಾಗಿ ಅರ್ಧಕ್ಕೇ ಕೈಬಿಟ್ಟೆ.

ಈಗಿನ ನಮ್ಮ ಚಿತ್ರಗಳ ಹೊಡೆದಾಟದ ವಿಷಯ ಹೆಚ್ಚು ಹೇಳಲಾರೆ. ನಾಯಕ ಒಂದು ಕೈ ಬೀಸಿದರೆ ಹತ್ತು ಜನ ಆಕಾಶಕ್ಕೆ ಹಾರುತ್ತಾರೆ; ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ನಾಲ್ಕು ತುಣುಕು ಚಿತ್ರ. ಯಾರ ಪಾದವೂ ಕಾಣುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಎಪ್ಪತ್ತೆಂಟು. ಹಲಗೆಯ ಮೇಲೆ ಅಷ್ಟು ವರ್ಷ ಅಪ್ಪಳಿಸಿದ ಮೊಣಕಾಲುಗಳು ಈಗ ಅಂಗಳ ದಾಟಲೂ ಒಪ್ಪುವುದಿಲ್ಲ. ಹೊರಸಿನ ಮೇಲೆ ಅವರ ಪಕ್ಕದಲ್ಲಿ ಕೂತು, ಮೊಬೈಲಿನಲ್ಲಿ 'ಡ್ರಂಕನ್ ಮಾಸ್ಟರ್'ನ ಕೊನೆಯ ಕಾಳಗವನ್ನು ಹಚ್ಚಿ ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. ಸ್ವಲ್ಪ ಹೊತ್ತಿಗೆ ಬಲಗೈಯ ಬೆರಳುಗಳು ಹೊರಸಿನ ಕಟ್ಟಿಗೆಯ ಮೇಲೆ ಆಡತೊಡಗಿದವು. ಏಟು ಬೀಳುವ ಮುನ್ನವೇ ಬೆರಳು ಬೀಳುತ್ತಿತ್ತು. ಮುಂದೆ ಜಾಕಿ ಚಾನ್ ಸೊಂಟ ಬಳುಕಿಸಿ ಹೆಂಗಸಿನ ಹಾವಭಾವದಲ್ಲಿ ಕಾದುವ ಭಾಗ ಬಂತು. ಅಪ್ಪ ಬಾಯಿ ತೆರೆದು ನಕ್ಕರು.

"ಇವ ಹೆಣ್ಣುವೇಷ ಕಟ್ಯಾನ ನೋಡ. ಕಟ್ಟದವಗ ಇದು ಬರೂದುಲ್ಲ."

"ಇವ ಆಟದ ಶಾಲಿಯೊಳಗ ಬೆಳದವ, ಯಪ್ಪಾ."

"ಮತ್ತ! ತಾಳ ಬಲ್ಲವ ಅದಾನ. ಬಡದಾಟಲ್ಲ ಇದು."

ಮೂವತ್ತೈದು ವರ್ಷದಿಂದ ಗಂಟಲಿನಲ್ಲಿ ಇದ್ದುದು ಆಗ ಹೊರಬಂತು. "ಯಪ್ಪಾ, ಜಾತ್ರಿ ಆಟದ ದಿನ ನಾ ಅಗಸಿ ಕಡೆ ಇದ್ದೆ. ನಿನ್ನ ಆಟ ನೋಡಲಿಲ್ಲ."

ಅಪ್ಪ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ ತಮ್ಮಾ. ಅಟ್ಟದ ಮ್ಯಾಲಿಂದ ಎಲ್ಲಾ ಕಾಣತೈತಿ." ಆಮೇಲೆ ಸ್ವಲ್ಪ ತಡೆದು, "ಆ ವಿಡಿಯೊಕ್ಕ ನಾನೂ ಐದ್ ರೂಪಾಯಿ ವಂತಿಗಿ ಕೊಟ್ಟಿದ್ದೆ. ಆಟ ಮುಗಿಸಿ ನೋಡೂನು ಅಂದಿದ್ದೆ. ವೇಷ ಬಿಚ್ಚಿ ಬರೂದರಾಗ ಟಿ.ವಿ. ಚಕ್ಕಡಿಗೆ ಹೇರಿದ್ರು" ಎಂದರು.

ಚಿತ್ರ ಮುಗಿದಿತ್ತು. ಕತ್ತಲಾದ ಗಾಜನ್ನು ಬೆರಳಿನಿಂದ ಒಂದೆರಡು ಸಲ ತಟ್ಟಿ ನೋಡಿ, ಮೊಬೈಲನ್ನು ನನ್ನ ಕಡೆ ಚಾಚಿದರು.

"ಆವತ್ತ ಯಾವದು ಹಾಕಿದ್ರು? ಅದನ್ನ ಹಚ್ಚು."