ಉಪ್ಪಾಗೆ ಡಬ್ಬಿಯ ಹಣದಲ್ಲಿ ನೇಪಾಳ

"ನೇಪಾಳ ಎಂತ ಫಾರಿನ್ನೇ? ವಿಮಾನವೂ ಹತ್ತೋದಿಲ್ಲ, ವೀಸಾನೂ ಬೇಡ!" ಎಂದು ಗೆಳತಿಯರು ನಕ್ಕಿದ್ದರು. ನಗಲಿ ಬಿಡಿ. ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ನಮ್ಮೂರಿನಲ್ಲಿ ಹುಬ್ಬಳ್ಳಿ ದಾಟಿ ಹೋದವರೇ ಕಡಿಮೆ. ನನಗಂತೂ ಅದು ಪರದೇಶವೇ ಆಗಿತ್ತು.

2018ರ ಜೂನ್ ತಿಂಗಳು. ನಾನು ಆಗಷ್ಟೇ ಪ್ರಥಮ ಪಿಯುಸಿಗೆ ಸೇರಿದ್ದೆ. ಮುಂದಿನ ಬೇಸಿಗೆ ರಜೆಯಲ್ಲಿ ಇಪ್ಪತ್ತು ವಿದ್ಯಾರ್ಥಿಗಳನ್ನು ನೇಪಾಳಕ್ಕೆ ಕರೆದೊಯ್ಯುತ್ತೇನೆ ಎಂದು ಇತಿಹಾಸದ ಸರ್ ಹೇಳಿದರು. ಒಬ್ಬರಿಗೆ 13,500 ರೂಪಾಯಿ. ಅದರಲ್ಲಿ 7,000 ರೈಲು, ಬಸ್ಸಿಗೆಂದು ಜನವರಿಯಲ್ಲಿ ಕಟ್ಟಬೇಕು. ಉಳಿದ 6,500 ಊಟ, ವಸತಿಗೆ ನಮ್ಮ ಕೈಯಲ್ಲೇ ಇರಬೇಕು.

ಅಪ್ಪ "ನೋಡೋಣ" ಎಂದ. ಆ ವರ್ಷದ ಮಳೆ ನಿಮಗೂ ನೆನಪಿರಬಹುದು, ಬಿಡದೆ ಹೊಡೆಯಿತು. ತೋಟಕ್ಕೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಮರದ ಬುಡಕ್ಕೆ ಬಿತ್ತು. ಅಪ್ಪನ "ನೋಡೋಣ"ವೂ ಅದರ ಜೊತೆಗೇ ಉದುರಿಹೋಯಿತು.

ಅಡುಗೆ ಮನೆಯ ಮೂಲೆಯಲ್ಲಿ ಅಳುತ್ತ ಕೂತಿದ್ದೆ. ಅಜ್ಜಿ ಒಲೆ ಊದುತ್ತ, "ಕೂಸೆ, ಹಣ ಕೇಳಿದ್ರೆ ಜನ ಒಂದು ಸಲ ಕೊಡ್ತಾರೆ. ಕೆಲಸ ಕೇಳಿದ್ರೆ ದಿನಾ ಕೊಡ್ತಾರೆ. ಏಳು, ಬೆಟ್ಟದಲ್ಲಿ ಉಪ್ಪಾಗೆ ಬಿದ್ದು ಕೊಳೀತಿದೆ" ಎಂದಳು.

ಉಪ್ಪಾಗೆ ಗೊತ್ತಿಲ್ಲದ ಮಕ್ಕಳಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಕಾಡಿನಲ್ಲಿ ಬೀಳುವ ಹಳದಿ ಹಣ್ಣು, ನೋಡಲು ಪುಟ್ಟ ಕುಂಬಳಕಾಯಿಯಂತೆ. ಒಳಗಿನ ಬೀಜ ತೆಗೆದು ಸಿಪ್ಪೆಯನ್ನು ಒಣಗಿಸಿದರೆ ಕಪ್ಪಾಗುತ್ತದೆ, ಹುಳಿಗೆ ಬಳಸುತ್ತಾರೆ, ವ್ಯಾಪಾರಿಗಳು ಕೊಳ್ಳುತ್ತಾರೆ. ತೊಂದರೆ ಎಂದರೆ ಅದು ಬೀಳುವ ಕಾಲದಲ್ಲಿ ಬಿಸಿಲೇ ಇರುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಹೊಗೆಯಲ್ಲೇ ಒಣಗಿಸಬೇಕು. ಕಾಲೇಜಿಗೆ ಹೋಗುವ ಮೊದಲು ಒಂದು ಬುಟ್ಟಿ, ಬಂದ ಮೇಲೆ ಒಂದು ಬುಟ್ಟಿ ಆರಿಸುತ್ತಿದ್ದೆ. ಕಾಲಿಗೆ ಹತ್ತಿದ ಉಂಬಳಗಳ ಲೆಕ್ಕ ಇಟ್ಟಿಲ್ಲ. ಬೀಜ ಅಜ್ಜಿಯ ಪಾಲಿಗೆ. ಅದರಿಂದ ಅವಳು ಉಪ್ಪಾಗೆ ತುಪ್ಪ ತೆಗೆಯುತ್ತಾಳೆ. ಸಿಪ್ಪೆ ಮಾರಿ ಬಂದ 2,400 ರೂಪಾಯಿಯನ್ನು ಒಂದು ಹಳೇ ತಗಡಿನ ಡಬ್ಬಿಯಲ್ಲಿ ಹಾಕಿ ಅದೇ ಅಟ್ಟದ ಮೂಲೆಯಲ್ಲಿಟ್ಟೆವು.

ಚಳಿಗಾಲಕ್ಕೆ ಅಡಿಕೆ ಕೊಯ್ಲು. ನಮ್ಮ ಮನೆಯ ಅಡಿಕೆ ಸುಲಿದರೆ ಕೂಲಿ ಇಲ್ಲ, ಪಕ್ಕದ ಮನೆಯದು ಸುಲಿದರೆ ಇದೆ! ರಾತ್ರಿ ಊಟ ಮುಗಿಸಿ ಅಲ್ಲಿಗೆ ಹೋಗಿ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದೆ. ಅಪ್ಪನಿಗೆ ಇದು ಸರಿ ಬರಲಿಲ್ಲ. ಮಗಳು ಇನ್ನೊಬ್ಬರ ಅಂಗಳದಲ್ಲಿ ಕೂಲಿಗೆ ಕೂರುವುದೇ? ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಮೂರನೇ ರಾತ್ರಿ ಬ್ಯಾಟರಿ ಬೆಳಕು ಬಿಡುತ್ತ ಬಂದು, ನನ್ನ ಪಕ್ಕದಲ್ಲಿ ಕೂತು, ತಾನೂ ಒಂದು ಮೆಟ್ಟುಗತ್ತಿ ಎಳೆದುಕೊಂಡ. ಅವನು ಸುಲಿದದ್ದೂ ನನ್ನ ಲೆಕ್ಕಕ್ಕೇ ಸೇರಿತು. ಆಮೇಲೆ ದಿನವೂ ಬಂದ. ಅದರ ಬಗ್ಗೆ ನಾವಿಬ್ಬರೂ ಈವರೆಗೆ ಮಾತಾಡಿಲ್ಲ.

ಚೊಗರು ಹಿಡಿದು ನನ್ನ ಬೆರಳುಗಳು ಕಪ್ಪಾದವು. ಕಾಲೇಜಿನಲ್ಲಿ ಕೈ ಮುಚ್ಚಿಕೊಂಡೇ ಕೂರುತ್ತಿದ್ದೆ. ಆದರೆ 4,900 ರೂಪಾಯಿ ಬಂತು. ಮೊದಲ ಕಂತು ಕಟ್ಟಿದ ಮೇಲೆ ಡಬ್ಬಿಯಲ್ಲಿ ಉಳಿದದ್ದು 300.

ಏಪ್ರಿಲಿನಲ್ಲಿ ಹಲಸಿನ ಹಪ್ಪಳಕ್ಕೆ ಕೈ ಹಾಕಿದೆವು. ಒಂದು ಮಧ್ಯಾಹ್ನ ಮುನ್ನೂರು ಹಪ್ಪಳ ಅಂಗಳದಲ್ಲಿ ಹರಡಿ ಅಜ್ಜಿಗೂ ನನಗೂ ಜೊಂಪು ಹತ್ತಿತ್ತು. ಗುಡುಗು ಕೇಳಿ ಎದ್ದು ಓಡುವಷ್ಟರಲ್ಲಿ ಮಳೆ ಬಂದು ಎಲ್ಲ ಮುದ್ದೆಯಾಗಿತ್ತು. ಮತ್ತೆ ಮಾಡಿದೆವು. ಹಪ್ಪಳ, ಮುರುಗಲು ಎಲ್ಲ ಸೇರಿ 3,700. ಹೊರಡಲು ವಾರವಿತ್ತು, ಇನ್ನೂ 2,500 ಬೇಕಿತ್ತು.

ಅಜ್ಜಿ ಟ್ರಂಕಿನಿಂದ ಹಣ ತೆಗೆದಳು. "ಇದು ಸಾಲ. ಬರುವ ಸುಗ್ಗಿಯಲ್ಲಿ ಅಡಿಕೆ ಸುಲಿದು ತೀರಿಸಬೇಕು" ಎಂದು ಹಾಲಿನ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿಸಿಕೊಂಡಳು. ಜೊತೆಗೆ ಒಂದು ಬಟ್ಟೆ ಗಂಟು. ಅದರೊಳಗೆ 21 ಅಡಿಕೆ. "ಇದು ಬಡ್ಡಿ. ಪಶುಪತಿನಾಥನಿಗೆ ಅರ್ಪಿಸಿ ಬಾ. ನನಗಂತೂ ಹೋಗಲಿಕ್ಕೆ ಆಗೋದಿಲ್ಲ."

ಬೆಂಗಳೂರಿನಿಂದ ಗೋರಖಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ. ದೇಶದ ಗಡಿ ಎಂದರೆ ಏನೋ ಎಂದುಕೊಂಡಿದ್ದೆ. ಪೇಟೆ ಬೀದಿಯಂಥ ರಸ್ತೆ, ಅದಕ್ಕೊಂದು ಕಮಾನು. ಸೈಕಲ್ಲಿನವರು, ತರಕಾರಿ ಗಾಡಿಯವರು ಆಚೆಗೂ ಈಚೆಗೂ ಓಡಾಡುತ್ತಿದ್ದರು. ನಾವೂ ನಡೆದೇ ದಾಟಿದೆವು. ದಾಟಿದ ಕೂಡಲೇ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಬೇಕು. ಅಂಗಡಿಯ ಗೋಡೆಯಲ್ಲಿದ್ದ ಕ್ಯಾಲೆಂಡರಿನಲ್ಲಿ ಇಸವಿ 2076! ಅಲ್ಲಿ ವಿಕ್ರಮ ಸಂವತ್ ಲೆಕ್ಕ.

ಅಲ್ಲೇ ಒಂದು ತಮಾಷೆ ನಡೆಯಿತು. ಹಿಂದಿನ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ ನೂರು ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಸರ್ ಮೊದಲೇ ಹೇಳಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎಲ್ಲರ ಕೈಯಲ್ಲೂ ಐನೂರು, ಎರಡು ಸಾವಿರದ ಗರಿಗರಿ ನೋಟು. ಚಿಲ್ಲರೆಗಾಗಿ ಅಂಗಡಿ ಅಂಗಡಿ ಅಲೆದರು. ನನ್ನ ಚೀಲದಲ್ಲಿ ಮಾತ್ರ ಹತ್ತು, ಇಪ್ಪತ್ತು, ನೂರರ ನೋಟುಗಳು. ಡಬ್ಬಿಯ ಹಣವಲ್ಲವೇ? ಅಜ್ಜಿ ಕೊಟ್ಟದ್ದೂ ಹಾಲು ಮಾರಿದ ನೂರರ ನೋಟುಗಳೇ. ಅಲ್ಲಿನವರು "ಐಸಿಯೋ, ಎನ್‌ಸಿಯೋ?" ಎಂದು ಕೇಳುತ್ತಾರೆ. ನಮ್ಮ ಹಣ ಐಸಿ, ಅವರದು ಎನ್‌ಸಿ. ನಮ್ಮ ನೂರಕ್ಕೆ ಅವರ ನೂರರವತ್ತು. ಅಂಗಡಿಯವನೊಬ್ಬ ನನ್ನ ನೋಟನ್ನು ಮೂಸಿ ನೋಡಿ ಹುಬ್ಬೇರಿಸಿದ. ಉಪ್ಪಾಗೆ ಒಣಗಿಸಿದ ಹೊಗೆಯ ವಾಸನೆ ಎಂದು ಹಿಂದಿಯಲ್ಲಿ ವಿವರಿಸುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ.

ಲುಂಬಿನಿಯಲ್ಲಿ ಬುದ್ಧ ಹುಟ್ಟಿದ ಜಾಗ ನೋಡಿದೆವು. ಪಕ್ಕದಲ್ಲೇ ಅಶೋಕ ನಿಲ್ಲಿಸಿದ ಕಲ್ಲುಕಂಬ. ಬುದ್ಧ ಹುಟ್ಟಿದ ಊರೆಂದು ಇಲ್ಲಿನವರ ತೆರಿಗೆ ತಗ್ಗಿಸಿ, ಬೆಳೆಯಲ್ಲಿ ಎಂಟನೇ ಒಂದು ಪಾಲು ಕೊಟ್ಟರೆ ಸಾಕು ಎಂದು ಅದರ ಮೇಲೆ ಕೆತ್ತಿಸಿದ್ದಾನೆ. ಕೊಳೆರೋಗದ ವರ್ಷ ಇಂಥ ರಾಜ ನಮಗೂ ಇದ್ದಿದ್ದರೆ ಎನಿಸಿತು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೇ ಬ್ರಾಹ್ಮಿ ಲಿಪಿಯ ಶಾಸನವಿದೆ, "ದೇವಾನಾಂಪ್ರಿಯ" ಎಂದರೆ ಅಶೋಕನೇ ಎಂದು ತಿಳಿದದ್ದು ಅದರಿಂದ ಎಂದು ಸರ್ ಹೇಳಿದರು.

ಅಲ್ಲಿಂದ ತ್ರಿಶೂಲಿ ನದಿಯ ದಂಡೆಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತ ಕಾಠ್ಮಂಡು ಸೇರಿದೆವು.

ಪಶುಪತಿನಾಥನ ಗುಡಿ ಬಾಗ್ಮತಿ ನದಿಯ ದಡದಲ್ಲಿದೆ. ಎರಡು ಅಂತಸ್ತಿನ ಚಿನ್ನದ ಬಣ್ಣದ ಮಾಡು, ನಾಲ್ಕು ದಿಕ್ಕಿಗೂ ಮುಖವಿರುವ ಲಿಂಗ, ನಾಲ್ಕು ಬಾಗಿಲು. ಇಲ್ಲಿ ಪೂಜೆ ಮಾಡುವ ಭಟ್ಟರು ಬಹಳ ಕಾಲದಿಂದ ದಕ್ಷಿಣ ಭಾರತದವರು, ಅವರಲ್ಲಿ ನಮ್ಮ ಕರಾವಳಿ ಕಡೆಯವರೂ ಇದ್ದಾರೆ. ಹಾಗಾಗಿ ಕನ್ನಡದಲ್ಲೇ ಮಾತಾಡಿಸಬೇಕೆಂದು ಸಾಲಿನಲ್ಲಿ ನಿಂತಾಗಲೇ ವಾಕ್ಯ ಜೋಡಿಸಿಕೊಂಡಿದ್ದೆ. ಬಾಗಿಲ ಮುಂದೆ ಬಂದು "ಭಟ್ಟರೇ, ನಾನು ಶಿರಸಿ..." ಎನ್ನುವಷ್ಟರಲ್ಲಿ ಹಿಂದಿನ ಜನ ನೂಕಿ, ಶಿರಸಿ ಪೂರ್ತಿಯಾಗುವ ಮೊದಲೇ ನಾನು ಪಕ್ಕದ ಬಾಗಿಲಲ್ಲಿದ್ದೆ. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಹನ್ನೊಂದು ಅಡಿಕೆಯಷ್ಟೇ ತಟ್ಟೆಗೆ ಬಿದ್ದವು. ಹತ್ತು ಗಂಟಿನಲ್ಲೇ ಉಳಿದವು.

ಮರುದಿನ ಭಕ್ತಪುರ. 2015ರ ಏಪ್ರಿಲಿನ ಭೂಕಂಪ ಆಗಿ ನಾಲ್ಕು ವರ್ಷ ಕಳೆದಿದ್ದರೂ ಬೀದಿಗಳಲ್ಲಿ ಇಟ್ಟಿಗೆ ರಾಶಿ ಇತ್ತು, ಬಿರುಕು ಬಿಟ್ಟ ಮನೆಗಳಿಗೆ ಮರದ ಊರೆ ಕೊಟ್ಟಿದ್ದರು. 1702ರಲ್ಲಿ ಕಟ್ಟಿದ ಐದು ಮಾಡಿನ ನ್ಯಾತಪೋಲ ಗುಡಿ ಮಾತ್ರ ನಿಂತೇ ಇತ್ತು. ಅದರ ಮೆಟ್ಟಿಲ ಎರಡೂ ಕಡೆ ಕಾವಲುಗಾರರು. ಕೆಳಗೆ ಜಟ್ಟಿಗಳು, ಅವರ ಮೇಲೆ ಆನೆ, ಅದರ ಮೇಲೆ ಸಿಂಹ. ಪ್ರತಿ ಜೋಡಿಗೂ ಕೆಳಗಿನ ಜೋಡಿಗಿಂತ ಹತ್ತು ಪಟ್ಟು ಬಲವಂತೆ.

ಬಿಸಿಲಿಗೆ ಸುಸ್ತಾಗಿ ಒಂದು ಮನೆಯ ಜಗಲಿಯಲ್ಲಿ ಕೂತೆ. ಅಲ್ಲಿದ್ದ ಮುದುಕಿ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಉಗುರ ಸಂದಿಯಲ್ಲಿ ಚೊಗರಿನ ಕಪ್ಪು ಇನ್ನೂ ಉಳಿದಿತ್ತು. ಗಂಟು ಬಿಚ್ಚಿ ಅಡಿಕೆ ತೋರಿಸಿದೆ. ಅವಳ ಮುಖ ಅರಳಿತು. ಒಳಗಿನಿಂದ ಸೊಸೆಯನ್ನು ಕರೆದಳು. ಸೊಸೆ ಹಿಂದಿಯಲ್ಲಿ ಹೇಳಿದ್ದು ಇಷ್ಟು. ಅವರು ನೇವಾರರು. ಅವರ ಮದುವೆಯಲ್ಲಿ ಮದುಮಗಳು ಗಂಡನ ಮನೆಯ ಒಬ್ಬೊಬ್ಬರಿಗೂ ಹತ್ತು ಹತ್ತು ಅಡಿಕೆ ಕೊಡುತ್ತಾಳೆ. ಅದನ್ನು ತೆಗೆದುಕೊಂಡರೆ ಅವಳು ಆ ಮನೆಯವಳಾದಂತೆ. ಆದರೆ ಆ ಕಣಿವೆಯ ಚಳಿಗೆ ಅಡಿಕೆ ಮರ ಬೆಳೆಯುವುದಿಲ್ಲ. ಎಲ್ಲವೂ ಹೊರಗಿನಿಂದಲೇ ಬರಬೇಕು. ಅಡಿಕೆ ಮರ ಎಷ್ಟು ಎತ್ತರ, ಹತ್ತುವವರು ಯಾರು ಎಂದೆಲ್ಲ ಮುದುಕಿ ಕೇಳಿದಳು. ನಾನು ಎದ್ದು ನಿಂತು, ಅಭಿನಯ ಮಾಡಿ ತೋರಿಸಿದೆ.

ಗಂಟಿನಲ್ಲಿದ್ದದ್ದು ಸರಿಯಾಗಿ ಹತ್ತು. ಒಂದೊಂದೇ ಎಣಿಸಿ ಅವಳ ಅಂಗೈಗೆ ಹಾಕಿದೆ. ಅವಳು ಒಳಗಿನಿಂದ ಮಣ್ಣಿನ ಕುಡಿಕೆಯಲ್ಲಿ ಮೊಸರು ತಂದುಕೊಟ್ಟಳು. ಭಕ್ತಪುರದ ಪ್ರಸಿದ್ಧ ಜುಜು ಧೌ. ಚಮಚ ಊರಿದರೆ ನಿಲ್ಲುವಷ್ಟು ಗಟ್ಟಿ, ಸಿಹಿ. ಹಣ ಕೊಡಲು ಹೋದರೆ ಕೈ ತಳ್ಳಿದಳು.

ಊರಿಗೆ ಬಂದ ದಿನ ಅಜ್ಜಿಯ ಮುಂದೆ ಹೆದರುತ್ತಲೇ ಹೇಳಿದೆ, "ದೇವರಿಗೆ ಹನ್ನೊಂದೇ ಮುಟ್ಟಿದ್ದು ಅಜ್ಜಿ. ಹತ್ತು ಒಬ್ಬಳು ಅಜ್ಜಿಗೆ ಕೊಟ್ಟೆ."

ಅವಳು ಕತೆಯನ್ನೆಲ್ಲ ಕೇಳಿದಳು. "ಎಣಿಸಿ ಕೊಟ್ಯಾ?"

"ಹೌದು, ಹತ್ತು."

"ಒಡೆದದ್ದು, ಹುಳುಕು ಯಾವುದೂ ಇರಲಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಬಡ್ಡಿ ಚುಕ್ತಾ" ಎಂದು ಹಾಲಿನ ಪುಸ್ತಕ ತೆಗೆದು ಗೀಟು ಎಳೆದಳು. ನಾನು ಖುಷಿಯಿಂದ ಇಣುಕಿದೆ. ಗೀಟು ಬಡ್ಡಿಯ ಮೇಲಷ್ಟೇ ಇತ್ತು. ಅಸಲು 2,500 ಹಾಗೇ ಇತ್ತು. ಅದನ್ನು ತೀರಿಸಲು ನನಗೆ ಆ ಸುಗ್ಗಿಯಲ್ಲಿ ಹದಿನಾಲ್ಕು ರಾತ್ರಿ ಬೇಕಾದವು.