ನಲವತ್ತನಾಲ್ಕು ದಿನಗಳ ಲೆಕ್ಕ

1994ರ ಚಳಿಗಾಲದಲ್ಲಿ ಮೋಮಿನಪುರದ ನಮ್ಮ ಮನೆಯಲ್ಲಿ ಒಂದು ಹೊಸ ನಿಯಮ ಜಾರಿಗೆ ಬಂತು. ಮಗ್ರಿಬ್ ಬಾಂಗ್ ಆಗುವ ಮೊದಲು ಗಂಡು ಹುಡುಗರು ಮನೆಯೊಳಗಿರಬೇಕು. ಕಾಲೇಜಿನ ಗುರುತಿನ ಚೀಟಿ ಅಂಗಿಯ ಜೇಬಿನಲ್ಲೇ ಇರಬೇಕು. ಯಾಕೆಂದು ಅಮ್ಮಿ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಊರಿನ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಹೈದರಾಬಾದಿನ ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆಂಬ ಮಾತು ಚಹಾದಂಗಡಿಗಳಲ್ಲಿ ದನಿ ತಗ್ಗಿಸಿಕೊಂಡು ಓಡಾಡುತ್ತಿತ್ತು. ನಾನಾಗ ಪಿಯುಸಿಯಲ್ಲಿದ್ದೆ. ನಿಜ ಹೇಳಬೇಕೆಂದರೆ, 'ಏನರ ಮಾಡಿರ್ಬೇಕು, ಸುಮ್ನ ಯಾಕ ಹಿಡೀತಾರ' ಎಂದವರಲ್ಲಿ ನಾನೂ ಒಬ್ಬ.

ಆ ವಿದ್ಯಾರ್ಥಿಯ ಹೆಸರು ನಿಸಾರುದ್ದೀನ್ ಅಹ್ಮದ್. ಬಾಬರಿ ಮಸೀದಿ ಧ್ವಂಸವಾಗಿ ಒಂದು ವರ್ಷ ತುಂಬಿದ ರಾತ್ರಿ, ಅಂದರೆ 1993ರ ಡಿಸೆಂಬರ್ 5 ಮತ್ತು 6ರ ನಡುವೆ, ದೇಶದ ಬೇರೆ ಬೇರೆ ಕಡೆ ರೈಲುಗಳಲ್ಲಿ ಬಾಂಬ್ ಸಿಡಿದವು. ಇಬ್ಬರು ಪ್ರಯಾಣಿಕರು ಸತ್ತರು. ಅಮಾಯಕರನ್ನು ಕೊಂದವರನ್ನು ಹಿಡಿದು ಶಿಕ್ಷಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆ ಪ್ರಕರಣದಲ್ಲಿ ಕೆಲವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದೂ ಇದೆ. ಆದರೆ 2016ರ ಮೇ 11ರಂದು ಅದೇ ನ್ಯಾಯಾಲಯ ನಿಸಾರ್ ಅವರನ್ನೂ, ಮುಂಬೈಯಲ್ಲಿ ಎಂಜಿನಿಯರ್ ಆಗಿದ್ದ ಅವರ ಅಣ್ಣನನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಅಣ್ಣ ಆರೋಗ್ಯ ಕೆಟ್ಟು 2008ರಲ್ಲೇ ಜಾಮೀನಿನ ಮೇಲೆ ಹೊರಬಂದಿದ್ದರು. ಮಕ್ಕಳಿಗಾಗಿ ಕೋರ್ಟು ಅಲೆದ ತಂದೆ 2006ರಲ್ಲೇ ತೀರಿಹೋಗಿದ್ದರು.

ಜೈಪುರದ ಜೈಲಿನಿಂದ ಹೊರಬಂದ ನಿಸಾರ್ ಪತ್ರಿಕೆಯವರ ಮುಂದೆ ತಮ್ಮ ಬದುಕಿನ ಲೆಕ್ಕ ಒಪ್ಪಿಸಿದರು. ಒಳಗೆ ಕಳೆದದ್ದು 8,150 ದಿನ. ಹೋಗುವಾಗ ಇಪ್ಪತ್ತು ತುಂಬಿರಲಿಲ್ಲ, ಬರುವಾಗ ನಲವತ್ತು ದಾಟಿತ್ತು. ಹನ್ನೆರಡು ವರ್ಷದವಳಾಗಿದ್ದ ತಂಗಿಗೆ ಈಗ ಹನ್ನೆರಡು ವರ್ಷದ ಮಗಳು. ತಮಗಿಂತ ಕಿರಿಯಳಾದ ಸಂಬಂಧಿಯೊಬ್ಬಳು ಆಗಲೇ ಅಜ್ಜಿ. ಬಿಡುಗಡೆಯಾದ ರಾತ್ರಿ ಹೋಟೆಲಿನ ಮಂಚದ ಮೇಲೆ ಅವರಿಗೆ ನಿದ್ದೆಯೇ ಬರಲಿಲ್ಲವಂತೆ. ಅಷ್ಟು ವರ್ಷ ಮಲಗಿದ್ದು ನೆಲದ ಮೇಲೆ.

ನನ್ನನ್ನು ಕಾಡಿದ್ದು ಇನ್ನೊಂದು ಲೆಕ್ಕ. ಅವರೇ ಹೇಳಿದ ಪ್ರಕಾರ ಅವರನ್ನು ಕಾಲೇಜಿಗೆ ಹೋಗುವ ದಾರಿಯಲ್ಲಿ ರಿವಾಲ್ವರ್ ತೋರಿಸಿ ವಾಹನಕ್ಕೆ ಹತ್ತಿಸಿಕೊಂಡದ್ದು 1994ರ ಜನವರಿ 15ರಂದು. ನ್ಯಾಯಾಲಯದ ಮುಂದೆ ನಿಲ್ಲಿಸಿದ್ದು ಫೆಬ್ರವರಿ 28ರಂದು. ಮಗ ಎಲ್ಲಿದ್ದಾನೆಂದು ಮನೆಯವರಿಗೆ ತಿಳಿದದ್ದೇ ಆವತ್ತು. ನಡುವೆ ನಲವತ್ತನಾಲ್ಕು ದಿನ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆ ದಿನಗಳಲ್ಲಿ ಆ ಹುಡುಗ ಯಾವ ಕೋಣೆಯಲ್ಲಿದ್ದ, ಅವನಿಗೆ ಏನಾಯಿತು? ತೀರ್ಪು ಬಂದ ಮೇಲೂ ಯಾವ ಅಧಿಕಾರಿಯೂ ಇದಕ್ಕೆ ಉತ್ತರ ಹೇಳಬೇಕಾಗಿ ಬರಲಿಲ್ಲ. ಅವರಿಗೆ ಜೀವಾವಧಿ ಶಿಕ್ಷೆಯಾದದ್ದಾದರೋ ಪೊಲೀಸ್ ವಶದಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಯ ಮೇಲೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಂಬತಕ್ಕದ್ದಲ್ಲವೆಂದು ಬ್ರಿಟಿಷರಿಗೇ 1872ರಲ್ಲಿ ಗೊತ್ತಿತ್ತು, ಸಾಕ್ಷ್ಯ ಕಾಯಿದೆಯಲ್ಲಿ ಹಾಗೆಂದೇ ಬರೆದಿದ್ದರು. ಟಾಡಾದ 15ನೇ ಕಲಂ ಅದನ್ನು ತಲೆಕೆಳಗು ಮಾಡಿತು. ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಸಾಕು, ಅದು ಸಾಕ್ಷ್ಯ. ಹೀಗಿರುವಾಗ ಲಾಠಿ ಏನು ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಬೇಕೆ? ಟಾಡಾ 1995ರಲ್ಲಿ ಮುಗಿಯಿತು. ಅದರಡಿ ಒಳಗೆ ಹೋದವರ ದಿನಗಳು ಮುಗಿಯಲಿಲ್ಲ.

ಇದೇ ಕರ್ನಾಟಕದ ಇನ್ನೊಬ್ಬ ಯುವಕನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮುಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಬ್ರಿಟನ್ನಿನಲ್ಲಿ ಸಂಬಂಧಿಕನಿಗೆ ಬಿಟ್ಟುಬಂದಿದ್ದ ಒಂದು ಸಿಮ್ ಕಾರ್ಡ್ ಅವರನ್ನು ಭಯೋತ್ಪಾದಕನನ್ನಾಗಿ ಮಾಡಿತ್ತು. ಅಲ್ಲಿ ದೈಹಿಕ ಹಿಂಸೆಯ ಮಾತಿಲ್ಲ, ಆರೋಪ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡದ್ದೇ ದೊಡ್ಡ ಗಲಾಟೆಯಾಯಿತು. ತಿಂಗಳು ತುಂಬುವ ಮೊದಲೇ ಪ್ರಕರಣ ಕೈಬಿಟ್ಟರು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ವಿಚಾರಣೆ ನಡೆಸಿ, ಪೊಲೀಸರ ತಪ್ಪುಗಳನ್ನು 2008ರಲ್ಲಿ ವರದಿಯಾಗಿ ಬರೆದರು. 2010ರಲ್ಲಿ ಆ ಸರಕಾರ ಪರಿಹಾರ ಕೊಟ್ಟಿತು. ಮೂಡಿಗೆರೆಯವನಿಗೆ ಪರದೇಶದಲ್ಲಿ ಸಿಕ್ಕಿದ್ದನ್ನು ಗುಲಬರ್ಗಾದವನು ಸ್ವದೇಶದಲ್ಲಿ ಕೇಳಲು ದಾರಿ ಯಾವುದು?

ದಾರಿಗೆ ಬೇಲಿ ಹಾಕಿದವರು ನಾವೇ. ಭಾರತ 1979ರಲ್ಲಿ ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಒಪ್ಪಿಕೊಂಡಾಗ ಒಂದು ಷರತ್ತು ಬರೆಯಿತು. ಅಕ್ರಮ ಬಂಧನಕ್ಕೆ ಗುರಿಯಾದವರಿಗೆ ಪರಿಹಾರ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲ ಎಂದು. 1983ರ ರುದುಲ್ ಸಾಹ್ ಪ್ರಕರಣದಿಂದೀಚೆಗೆ ನ್ಯಾಯಾಲಯಗಳು ಕೆಲವರಿಗೆ ಪರಿಹಾರ ಕೊಡಿಸಿವೆ, ಅದು ಆಯಾ ಪೀಠದ ಮನಸ್ಸು. ಚಿತ್ರಹಿಂಸೆ ವಿರೋಧಿ ಒಪ್ಪಂದವೆಂಬುದು ಬೇರೆಯೇ ಇದೆ, ವಿಶ್ವಸಂಸ್ಥೆ 1984ರಲ್ಲಿ ಅಂಗೀಕರಿಸಿದ್ದು. ಯುದ್ಧವಿರಲಿ, ತುರ್ತುಸ್ಥಿತಿಯಿರಲಿ, ಯಾವ ನೆಪದಲ್ಲೂ ಹಿಂಸೆ ಕೂಡದು, ದೂರಿನ ನಿಷ್ಪಕ್ಷ ತನಿಖೆಯಾಗಬೇಕು, ನೊಂದವನಿಗೆ ಪರಿಹಾರ ಸಿಗಬೇಕು ಎನ್ನುತ್ತದೆ ಅದು. ಒಪ್ಪಿದ ದೇಶ ಜಿನೀವಾದ ಸಮಿತಿಯ ಮುಂದೆ ಆಗಾಗ ವರದಿ ಒಪ್ಪಿಸಬೇಕು. ಭಾರತ 1997ರ ಅಕ್ಟೋಬರಿನಲ್ಲಿ ಇದಕ್ಕೆ ಸಹಿ ಹಾಕಿತು. ಸಹಿಯೆಂದರೆ ನಿಶ್ಚಿತಾರ್ಥ, ಅನುಮೋದನೆಯೆಂದರೆ ಮದುವೆ. ನಮ್ಮ ದಿಬ್ಬಣ ಇನ್ನೂ ಹೊರಟಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆಯ ಸಮಿತಿಗೆ ಹೋಗಿ ಕೊನೆಗೆ ರದ್ದಾಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಅನುಮೋದಿಸಿ ಎಂದಿತು. ಕಾನೂನು ಮಾಡಿರೆಂದು ಸಂಸತ್ತಿಗೆ ಆದೇಶಿಸಲು 2019ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಇದರಿಂದ ಸರಕಾರಕ್ಕೆ ಲಾಭವಾದರೂ ಉಂಟೇ ಎಂದರೆ ಅದೂ ಕಾಣೆ. 1995ರಲ್ಲಿ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಡೆನ್ಮಾರ್ಕ್ 2011ರಲ್ಲಿ ನಮಗೆ ಒಪ್ಪಿಸಲಿಲ್ಲ. ಅಲ್ಲಿಯ ನ್ಯಾಯಾಲಯ ಕೊಟ್ಟ ಕಾರಣ, ಭಾರತದಲ್ಲಿ ಅವನಿಗೆ ಚಿತ್ರಹಿಂಸೆಯಾಗುವ ಅಪಾಯವಿದೆ ಎಂಬುದು. 2024ರಲ್ಲೂ ಅಲ್ಲಿಯ ಕೋರ್ಟು ಒಪ್ಪಿಸಲು ನಿರಾಕರಿಸಿತು. ಆರೋಪಿ ಕೈತಪ್ಪಿಹೋದ.

ಒಪ್ಪಂದವೇ ಮಂತ್ರದಂಡವೆಂದು ನಾನು ಹೇಳುತ್ತಿಲ್ಲ. ಅಮೆರಿಕ 1994ರಲ್ಲೇ ಅನುಮೋದಿಸಿತ್ತು, ಗ್ವಾಂಟಾನಮೋ ಆ ಮೇಲೆ ಬಂತು. ಮುಸ್ಲಿಮರ ದೇಶಗಳ ಜೈಲುಗಳ ಬಗ್ಗೆ ನಾವು ಬಾಯಿ ಮುಚ್ಚಿಕೊಳ್ಳುವುದೂ ಸರಿಯಲ್ಲ. ಸಿರಿಯಾದ ಅಸಾದ್ ಸರಕಾರ ತನ್ನದೇ ಜನರಿಗೆ ಕೊಟ್ಟ ಹಿಂಸೆಯನ್ನು 2023ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದದ್ದು ಕೆನಡಾ ಮತ್ತು ನೆದರ್‌ಲ್ಯಾಂಡ್ಸ್. ಸಿರಿಯಾ ಈ ಒಪ್ಪಂದವನ್ನು ಒಪ್ಪಿದ್ದರಿಂದಲೇ ಅವರಿಗೆ ಹಿಡಿಯಲು ಒಂದು ಎಳೆ ಸಿಕ್ಕಿತು. ಕಲಬುರಗಿಯ ತಾಯಿಯೊಬ್ಬಳಿಗೆ ಅಂಥ ಎಳೆಯೂ ಇಲ್ಲ.

2016ರಲ್ಲಿ ನಿಸಾರ್ ಊರಿಗೆ ಬಂದ ಸುದ್ದಿ ಓದಿದ ಸಂಜೆ ಅವರನ್ನು ನೋಡಿಬರೋಣವೆಂದು ಹೊರಟೆ. ಅಮ್ಮಿ ಆಗ ಹಾಸಿಗೆ ಹಿಡಿದಿದ್ದರು. ಅವರಿಗೆ ಹೇಳಿದೆ. 'ಆಗ್ಲೇ ಹೋಗ್ಬೇಕಿತ್ತಪಾ' ಎಂದರು, ಅಷ್ಟೇ. ಮುಸ್ಲಿಂ ಚೌಕದವರೆಗೆ ಹೋಗಿ ಒಂದು ಚಹಾ ಕುಡಿದೆ. ಏನೆಂದು ಮಾತು ಶುರು ಮಾಡುವುದೆಂದು ಯೋಚಿಸುತ್ತ ಬಹಳ ಹೊತ್ತು ನಿಂತೆ. ಬಾಂಗ್ ಆಯಿತು. ಮನೆಗೆ ವಾಪಸು ಬಂದೆ.