ಗುಂಡಿ ಒತ್ತಿದರೆ ಹಾಡು

ಚಿನ್ನ ಕೊಳ್ಳುವಾಗ ಒರೆಗಲ್ಲಾದರೂ ಇರುತ್ತದೆ. ಪುಟ್ಟ ಮಕ್ಕಳಿಗೆಂದು ಅಂಗಡಿಯಲ್ಲಿ ನೇತುಹಾಕಿದ ಪೀಪಿ, ಡೋಲು, ಪಿಯಾನೋಗಳಲ್ಲಿ ಯಾವುದು ವಾದ್ಯ, ಯಾವುದು ಬರೀ ಗದ್ದಲ ಎಂದು ಹೇಳುವವರು ಯಾರು? ಮಗಳ ಮನೆ ಇದೇ ಊರಲ್ಲಿರುವುದರಿಂದ ಸಂಜೆ ಶಾಲೆ ಬಿಟ್ಟು ಬಂದರೆ ಒಂದೂವರೆ ವರ್ಷದ ಮೊಮ್ಮಗಳು ನನ್ನ ಪಾಲಿಗೆ. ಅವಳಿಗಾಗಿ ನಾನೇ ಒಂದು ಒರೆಗಲ್ಲು ಮಾಡಿಕೊಂಡಿದ್ದೇನೆ. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ ನುಡಿಯಬೇಕು. ಇಲ್ಲದಿದ್ದರೆ ಅದು ವಾದ್ಯವಲ್ಲ, ಸ್ವಿಚ್ಚು.

ಬೀಗರು ಹುಟ್ಟುಹಬ್ಬಕ್ಕೆ ತಂದ ಬ್ಯಾಟರಿ ಪಿಯಾನೋ ಸ್ವಿಚ್ಚಿನ ಜಾತಿಯದು. ಗುಂಡಿ ಒತ್ತಿದರೆ ಇಡೀ ಹಾಡನ್ನು ತಾನೇ ಹಾಡಿ ಮುಗಿಸುತ್ತದೆ. ಮಗು ಒತ್ತಿದಳು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಹಾಡು ಮುಗಿದ ಮೇಲೆ ಮತ್ತೆ ಒತ್ತಿದಳು. ಪಾತ್ರೆಯ ಮುಚ್ಚಳ ಬಡಿದು ಕುಣಿಯುವ ಹುಡುಗಿ ಇವಳೇನಾ ಅನ್ನಿಸಿತು. ಮಗಳಿಗೆ ಹೇಳಿದರೆ, “ಅವರು ಆಸೆಯಿಂದ ಕೊಟ್ಟಿದ್ದಮ್ಮಾ, ತೆಗೆದಿಟ್ಟರೆ ಏನಂದುಕೊಳ್ತಾರೆ?” ಎಂದಳು. ನಾನು ವಾದಕ್ಕೆ ಹೋಗದೆ ಪಿಯಾನೋವನ್ನು ತಿರುಗಿಸಿ ತೋರಿಸಿದೆ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರು ತಾಗಿದರೆ ತೆರೆಯುತ್ತದೆ. ಒಳಗೆ ಅಂಗಿಯ ಗುಂಡಿಯಂಥ ಮೂರು ಸೆಲ್ಲು. ಅಂಥದ್ದೊಂದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಮಗಳು ಮರುಮಾತಾಡದೆ ಸೆಲ್ಲು ತೆಗೆದು, ಪಿಯಾನೋವನ್ನು ಅಟ್ಟಕ್ಕೇರಿಸಿದಳು.

ಬದಲಿಗೆ ಏನು ಕೊಡುವುದು? ಚನ್ನಪಟ್ಟಣದ ಗಿಲಕಿಗೆ ನನ್ನ ಮೊದಲ ಮತ. ಆಲೆಮರ ಹಗುರ, ನುಣುಪು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಲ್ಲವೇ, ಆದ್ದರಿಂದ ಕೊಳ್ಳುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಬಿಟ್ಟರೆ ಬೇಡ. 2021ರ ಜನವರಿಯಿಂದ ಆಟದ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿ ಇರುವುದರಿಂದ ಗುರುತಿಲ್ಲದ ಗಿಲಕಿಯೆಲ್ಲ ಖೋಟಾ ಎಂದು ತಿಳಿಯಬೇಕಾಗಿಲ್ಲ.

ಎರಡನೆಯದು ಪುಟ್ಟ ಕಂಜೀರ. ಹಿಂದೆ ಅದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ನಮ್ಮ ಮಗುವಿಗೆ ಮೇಕೆ ಚರ್ಮದ್ದೇ ಧಾರಾಳ ಸಾಕು. ಬಿಲ್ಲೆಗಳನ್ನು ಹಿಡಿದಿರುವ ಮೊಳೆಯನ್ನು ಗಟ್ಟಿಯಾಗಿ ಎಳೆದು ನೋಡಿ. ದಾರಕ್ಕೆ ಪೋಣಿಸಿದ ಗೆಜ್ಜೆ ಬೇಡ, ದಾರ ಹರಿದರೆ ಹೋಗುವುದು ಬಾಯಿಗೇ. ಕಂಚಿನ ತಾಳವೂ ಸದ್ಯಕ್ಕೆ ಬೇಡ. ಮಗುವಿನ ತೋಳು ಎಷ್ಟುದ್ದ? ತಾಳ ಬಡಿಯುವುದು ಕಿವಿಯ ಬುಡದಲ್ಲೇ. ಯಾವ ವಾದ್ಯವನ್ನಾಗಲಿ ಅಂಗಡಿಯಲ್ಲೇ ನಿಮ್ಮ ಕಿವಿಯ ಹತ್ತಿರ ಹಿಡಿದು ಬಾರಿಸಿ. ಅಂಗಡಿಯವನು ನಗುತ್ತಾನೆ, ನಗಲಿ.

ಕಂಜೀರ ಬಂದ ಮೇಲೆ ನಮ್ಮತ್ತೆಗೆ ಹೊಸ ಕೆಲಸ ಸಿಕ್ಕಿದೆ. ಅವರಿಗೀಗ 86. ಕಣ್ಣು ಮಂಜು, ಮನೆಯಲ್ಲಿ ಯಾರೂ ಅವರೊಡನೆ ಹೆಚ್ಚು ಹೊತ್ತು ಕೂರುವುದಿಲ್ಲ, ನಾನೂ ಸೇರಿ. ಸಂಜೆ ದೀಪ ಹಚ್ಚಿದ ಮೇಲೆ ಮಗು ಅವರ ಮುಂದೆ ಕೂತು ಒಮ್ಮೆ ತಟ್ಟುತ್ತಾಳೆ. ಅವರೂ ತೊಡೆಯ ಮೇಲೆ ಒಮ್ಮೆ ತಟ್ಟುತ್ತಾರೆ. ಎರಡು ತಟ್ಟಿದರೆ ಎರಡು. ಮಗು ಕೈ ತಡೆದರೆ ಅವರೂ ಕಾಯುತ್ತಾರೆ; ಆ ಮೌನದಲ್ಲಿ ಇಬ್ಬರಿಗೂ ನಗು. ಮೊನ್ನೆಯ ಮಳೆಗೆ ಚರ್ಮ ಸಡಿಲವಾಗಿ ಕಂಜೀರದ ದನಿ ಬೊದ್ದೆನ್ನತೊಡಗಿದೆ. “ಒಲೆ ಹತ್ರ ಸ್ವಲ್ಪ ಹೊತ್ತು ಕಾಯಿಸಿ ಕೊಡೇ, ಸಂಜೆಯಾಗ್ತಾ ಬಂತು” ಎಂದು ಮಧ್ಯಾಹ್ನ ಮೂರಕ್ಕೇ ಅತ್ತೆ ಶುರುಮಾಡುತ್ತಾರೆ.